ನಾವಿಕನ ಕಥೆ, ಮಗನ ಪುಸ್ತಕ ಭಂಡಾರ

ಹಳೆಯ ಪುಸ್ತಕಗಳನ್ನು ಕೂಡಿಡುವುದು ಕೆಲವರಿಗೆ ಹವ್ಯಾಸ, ಕೆಲವರಿಗೆ ವ್ಯಾಪಾರ. ಇನ್ನುಳಿದ ಬಹುಮಂದಿಗೆ ಅದು ಗೆದ್ದಲಿಗೆ ಆಹಾರ ಒದಗಿಸುವ ಕೆಲಸ. ಮನೆ ಬದಲಿಸುವಾಗಲೋ ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿಯುವಾಗಲೋ ಅಜ್ಜನ ಕಾಲದ ಪುಸ್ತಕದ ಕಟ್ಟು ಕೈಗೆ ಸಿಕ್ಕರೆ, "ಇದನ್ನೆಲ್ಲ ಇನ್ನೂ ಏಕೆ ಇಟ್ಟುಕೊಂಡಿದ್ದೀರಿ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಪ್ರಶ್ನೆ ತಪ್ಪೇನಲ್ಲ. ಅದಕ್ಕೆ ಒಳ್ಳೆಯ ಉತ್ತರ ಕೊಡುವಂಥ ಒಂದು ಚರಿತ್ರೆ ಇದೆ. ಅದನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹಳೆಯ ಪುಸ್ತಕಗಳ ಪೈಕಿ ಆರಂಭಕಾಲದ ನಾವಿಕರ ಜೀವನಚರಿತ್ರೆಗಳಿಗೆ ಯೂರೋಪ್ ಮತ್ತು ಅಮೆರಿಕಗಳಲ್ಲಿ ವಿಶೇಷ ಬೇಡಿಕೆಯಿದೆ. ಕೊಲಂಬಸ್, ವಾಸ್ಕೋ ಡ ಗಾಮ, ಮೆಗಲನ್ ಮೊದಲಾದವರ ಬಗ್ಗೆ ನೂರಾರು ವರ್ಷಗಳ ಹಿಂದೆ ಅಚ್ಚಾದ ಗ್ರಂಥಗಳನ್ನು ಹುಡುಕಿ ತಂದು ಕಾಪಾಡುವವರು ಅಲ್ಲಿದ್ದಾರೆ. ಆದರೆ ಹೊದಿಕೆಯ ಚರ್ಮ ಹಳೆಯದಾದ ಮಾತ್ರಕ್ಕೆ ಒಳಗಿನ ಮಾತು ಸತ್ಯವಾಗುವುದಿಲ್ಲ. ಈ ಚರಿತ್ರೆಗಳಲ್ಲಿ ಕೆಲವನ್ನು ಅಭಿಮಾನದಿಂದ ಬರೆದರು, ಕೆಲವನ್ನು ದ್ವೇಷದಿಂದ ಬರೆದರು, ಕೆಲವನ್ನು ನ್ಯಾಯಾಲಯದಲ್ಲಿ ಗೆಲ್ಲಬೇಕೆಂದು ಬರೆದರು. ಹಾಗಾದರೆ ಅವುಗಳನ್ನು ಕೂಡಿಡುವುದರಿಂದ ಲಾಭವೇನು?

ಕೊಲಂಬಸ್‌ನ ಉದಾಹರಣೆಯೊಂದನ್ನೇ ತೆಗೆದುಕೊಳ್ಳೋಣ. ಅವನ ಮೊದಲ ಸಂಪೂರ್ಣ ಚರಿತ್ರೆಯನ್ನು ಬರೆದವನು, ಆ ಕಾಲದ ಯೂರೋಪಿನಲ್ಲಿ ಅತಿದೊಡ್ಡ ಖಾಸಗಿ ಪುಸ್ತಕ ಸಂಗ್ರಹಗಳಲ್ಲೊಂದನ್ನು ಕಟ್ಟಿದವನು ಒಬ್ಬನೇ. ಆತ ಕೊಲಂಬಸ್‌ನ ಮಗ ಹೆರ್ನಾಂಡೊ ಕೊಲೊನ್.

ಕೀರ್ತನೆಯ ಅಂಚಿನಲ್ಲಿ ಒಂದು ಜೀವನಚರಿತ್ರೆ

ಮಗನ ಗ್ರಂಥಕ್ಕಿಂತ ಮೊದಲೇ ಕೊಲಂಬಸ್‌ನ ಒಂದು ಕಿರುಚರಿತ್ರೆ ಅಚ್ಚಾಗಿತ್ತು. ಅದು ಕಾಣಿಸಿಕೊಂಡ ಜಾಗ ನಮಗೆ ಅಚ್ಚರಿ ತರುವಂಥದ್ದು. 1516ರಲ್ಲಿ ಇಟಲಿಯ ಜಿನೋವಾ ನಗರದಲ್ಲಿ ಬಹುಭಾಷೆಯ ಕೀರ್ತನೆಗಳ ಗ್ರಂಥವೊಂದು ಪ್ರಕಟವಾಯಿತು. ಹೀಬ್ರೂ, ಗ್ರೀಕ್, ಅರಬ್ಬಿ, ಅರಮಾಯಿಕ್ ಮೂಲಗಳನ್ನು ಲತೀನ್ ಅನುವಾದದೊಂದಿಗೆ ಒಂದರ ಪಕ್ಕ ಒಂದರಂತೆ ಜೋಡಿಸಿ ಅಚ್ಚು ಹಾಕಿಸಿದವರು ದೊಮಿನಿಕನ್ ಸಭೆಯ ಅಗೊಸ್ತಿನೊ ಜುಸ್ತಿನಿಯಾನಿ. ಅವರು ಕಾರ್ಸಿಕಾ ದ್ವೀಪದ ನೆಬ್ಬಿಯೊ ಧರ್ಮಕ್ಷೇತ್ರದ ಧರ್ಮಾಧ್ಯಕ್ಷರು. ಕಾಗದದ ಮೇಲೆ 2,000 ಪ್ರತಿಗಳು, ಚರ್ಮಪತ್ರದ ಮೇಲೆ 50 ಪ್ರತಿಗಳು ಸಿದ್ಧವಾದವು.

ದೇವರ ಸೃಷ್ಟಿಯ ಸಾಕ್ಷ್ಯ ಲೋಕದ ಅಂಚಿನವರೆಗೂ ಮುಟ್ಟುತ್ತದೆ ಎಂದು ಹಾಡುವ 19ನೇ ಕೀರ್ತನೆ ನಮಗೆಲ್ಲ ಪರಿಚಿತ. ಆ ಕೀರ್ತನೆಗೆ ಟಿಪ್ಪಣಿ ಬರೆಯುವಾಗ ಧರ್ಮಾಧ್ಯಕ್ಷರಿಗೆ ತಮ್ಮ ಊರಿನವನೇ ಆದ ನಾವಿಕನ ನೆನಪಾಯಿತು. ಲೋಕದ ಅಂಚು ಎಲ್ಲಿದೆಯೆಂದು ಹೋಗಿ ನೋಡಿಬಂದವನು ಈತ ತಾನೇ? ಹಾಗಾಗಿ ಪುಟದ ಅಂಚಿನಲ್ಲೇ ಕೊಲಂಬಸ್‌ನ ಬದುಕನ್ನು ಬರೆದುಬಿಟ್ಟರು. ಆತ ಬಡ, ಸಾಧಾರಣ ತಂದೆತಾಯಿಗಳ ಮಗನೆಂದು ಅದರಲ್ಲಿ ಸೇರಿಸಿದರು.

ಜುಸ್ತಿನಿಯಾನಿ ಇದನ್ನು ಹೊಗಳಿಕೆಯಾಗಿಯೇ ಬರೆದಿದ್ದರು. ಆದರೆ ಈ ಒಂದು ಮಾತು ನಾವಿಕನ ಮಗನ ಮನಸ್ಸಿಗೆ ಮುಳ್ಳಿನಂತೆ ನಾಟಿತು.

ಹದಿಮೂರರ ಹುಡುಗ, ಹದಿನೈದು ಸಾವಿರ ಪುಸ್ತಕ

ಹೆರ್ನಾಂಡೊ ಹುಟ್ಟಿದ್ದು 1488ರಲ್ಲಿ, ಸ್ಪೇನಿನ ಕೊರ್ಡೋಬಾದಲ್ಲಿ. ತಾಯಿ ಬೆಯಾತ್ರಿಸ್ ಎನ್ರಿಕೆಜ್. ಕೊಲಂಬಸ್‌ಗೂ ಆಕೆಗೂ ವಿವಾಹವಾಗಿರಲಿಲ್ಲ. 1502ರಲ್ಲಿ ತಂದೆ ನಾಲ್ಕನೆಯ ಹಾಗೂ ಕೊನೆಯ ಯಾನಕ್ಕೆ ಹೊರಟಾಗ ಹದಿಮೂರರ ಹೆರ್ನಾಂಡೊ ಜೊತೆಗಿದ್ದ. ಹುಳು ಕೊರೆದ ಹಡಗುಗಳು ಮುಂದೆ ಸಾಗಲಾರದೆ ಜಮೈಕಾದ ದಡ ಹಿಡಿದವು. 1503ರ ಜೂನ್‌ನಿಂದ 1504ರ ಜೂನ್‌ವರೆಗೆ, ಒಂದು ಇಡೀ ವರ್ಷ ಅವರೆಲ್ಲರೂ ಅಲ್ಲೇ ಸಿಕ್ಕಿಕೊಂಡರು. ದ್ವೀಪದ ಜನ ಆಹಾರ ಕೊಡುವುದನ್ನು ನಿಲ್ಲಿಸಿದಾಗ, ಪಂಚಾಂಗದ ಪುಸ್ತಕ ನೋಡಿ 1504ರ ಫೆಬ್ರುವರಿ 29ರ ಚಂದ್ರಗ್ರಹಣವನ್ನು ಮೊದಲೇ ಸಾರಿ ಅವರನ್ನು ಬೆದರಿಸಿದ ಕೊಲಂಬಸ್‌ನ ತಂತ್ರ ಪ್ರಸಿದ್ಧವಾದದ್ದು. ಒಂದು ಅಚ್ಚಾದ ಪುಸ್ತಕಕ್ಕೆ ಎಷ್ಟು ಶಕ್ತಿಯಿದೆ ಎಂಬುದನ್ನು ಆ ಹುಡುಗ ಅಂದು ಕಣ್ಣಾರೆ ಕಂಡ. ಆ ಶಕ್ತಿಯನ್ನು ಅಮಾಯಕರನ್ನು ಹೆದರಿಸಲೂ ಬಳಸಬಹುದೆಂಬುದನ್ನೂ ಕಂಡ.

1506ರ ಮೇ 20ರಂದು ಕೊಲಂಬಸ್ ತೀರಿಕೊಂಡ. ಹಿರಿಯ ಮಗ ದಿಯೇಗೊ ತಂದೆಯ ಪದವಿಗೆ ಉತ್ತರಾಧಿಕಾರಿಯಾದ. ಕಿರಿಯವನು ಪುಸ್ತಕಗಳ ಬೆನ್ನು ಹತ್ತಿದ. ಇಟಲಿ, ಜರ್ಮನಿ, ಫ್ಲಾಂಡರ್ಸ್, ಇಂಗ್ಲೆಂಡ್ ಹೀಗೆ ಹೋದಲ್ಲೆಲ್ಲ ಅಂಗಡಿಗಳನ್ನು ಜಾಲಾಡಿದ. 15,000ಕ್ಕೂ ಹೆಚ್ಚು ಪುಸ್ತಕಗಳು, ಸುಮಾರು 3,200 ಅಚ್ಚಿನ ಚಿತ್ರಗಳು ಆತನ ಬಳಿ ಸೇರಿದವು. ದೊಡ್ಡ ಗ್ರಂಥಗಳನ್ನು ಎಲ್ಲರೂ ಕೊಳ್ಳುತ್ತಿದ್ದರು. ಈತನಾದರೋ ಸಂತೆಯಲ್ಲಿ ಮಾರುವ ಕಿರುಹೊತ್ತಗೆ, ಲಾವಣಿ, ಸುದ್ದಿಪತ್ರಗಳನ್ನೂ ಬಿಡಲಿಲ್ಲ. ಎಲ್ಲರೂ ಎಸೆಯುವಂಥದ್ದೇ ಮುಂದೆ ಯಾರಿಗೂ ಸಿಗದಂತಾಗುತ್ತದೆ ಎಂಬುದನ್ನು ಆತ ಅರಿತಿದ್ದ.

ಅವನದ್ದೊಂದು ಅಭ್ಯಾಸ ಇಂದಿಗೂ ಸಂಶೋಧಕರ ಮೆಚ್ಚುಗೆ ಪಡೆದಿದೆ. ಕೊಂಡ ಪುಸ್ತಕದಲ್ಲಿ ಅದನ್ನು ಯಾವ ಊರಿನಲ್ಲಿ, ಯಾವ ತಿಂಗಳು, ಯಾವ ವರ್ಷ, ಎಷ್ಟು ಬೆಲೆಗೆ ಕೊಂಡೆ ಎಂದು ಕೈಬರಹದಲ್ಲಿ ಗುರುತು ಹಾಕುತ್ತಿದ್ದ. ಊರಿಂದೂರಿಗೆ ನಾಣ್ಯ ಬೇರೆಯಾದ್ದರಿಂದ ಆ ಬೆಲೆಯನ್ನು ಚಿನ್ನದ ನಾಣ್ಯದ ಲೆಕ್ಕಕ್ಕೂ ಪರಿವರ್ತಿಸಿ ಬರೆಯುತ್ತಿದ್ದ. ಐನೂರು ವರ್ಷಗಳ ಹಿಂದೆ ಯೂರೋಪಿನಲ್ಲಿ ಒಂದು ಪುಸ್ತಕದ ಬೆಲೆ ಏನಿತ್ತು ಎಂಬುದಕ್ಕೆ ಇಂದು ಇದೇ ದೊಡ್ಡ ಆಧಾರ.

ನಷ್ಟವೂ ದೊಡ್ಡದೇ ಆಯಿತು. 1521ರಲ್ಲಿ ವೆನಿಸ್‌ನಲ್ಲಿ ಕೊಂಡ ಸುಮಾರು 1,600 ಪುಸ್ತಕಗಳು ಹಡಗಿನ ಸಮೇತ ಸಮುದ್ರದ ಪಾಲಾದವು. ಹೆರ್ನಾಂಡೊ ಮುಳುಗಿದ ಆ ಪುಸ್ತಕಗಳ ಪಟ್ಟಿಯನ್ನು ಇಟ್ಟುಕೊಂಡು ಮತ್ತೆ ಹುಡುಕತೊಡಗಿದ. ಸೆವಿಲ್ ನಗರದಲ್ಲಿ ಗ್ವಾದಲ್ಕಿವಿರ್ ನದಿಯ ಬಳಿ ಮನೆ ಕಟ್ಟಿಸಿ ಅದರಲ್ಲಿ ಭಂಡಾರವನ್ನು ಇರಿಸಿದ. ಪುಸ್ತಕಗಳ ಸಾರಾಂಶ ಬರೆಯಲು ಓದುಗರನ್ನು ಸಂಬಳಕ್ಕಿಟ್ಟ. 1539ರ ಜುಲೈ 12ರಂದು ಕಣ್ಣು ಮುಚ್ಚುವವರೆಗೂ ಇದೇ ಅವನ ಕಾಯಕವಾಗಿತ್ತು.

ಮಗ ಬರೆದದ್ದು, ಮಗ ಬಿಟ್ಟದ್ದು

ಬದುಕಿನ ಕೊನೆಯ ವರ್ಷಗಳಲ್ಲಿ ಹೆರ್ನಾಂಡೊ ತಂದೆಯ ಚರಿತ್ರೆ ಬರೆದ. ಅದು ಬರೀ ನೆನಪಿನ ಪುಸ್ತಕವಲ್ಲ. ಕೊಲಂಬಸ್‌ಗೆ ಒಪ್ಪಿಕೊಂಡಿದ್ದ ಅಧಿಕಾರ ಮತ್ತು ಆದಾಯದ ಬಗ್ಗೆ ಅವನ ಮನೆತನಕ್ಕೂ ಸ್ಪೇನಿನ ರಾಜಮನೆತನಕ್ಕೂ ದಶಕಗಳ ಕಾಲ ವ್ಯಾಜ್ಯ ನಡೆದಿತ್ತು. ತಂದೆಯ ಸಾಧನೆಯನ್ನು ಬೇರೆಯವರು ಕಿತ್ತುಕೊಳ್ಳುತ್ತಿದ್ದಾರೆ ಎಂಬ ನೋವು ಆ ಗ್ರಂಥದ ಪುಟಪುಟದಲ್ಲೂ ಇದೆ.

ಗ್ರಂಥದ ಆರಂಭದಲ್ಲೇ ಮಗ ತಂದೆಯ ಹೆಸರಿಗೆ ಅರ್ಥ ಹೇಳುತ್ತಾನೆ. ಕೊಲಂಬೊ ಎಂದರೆ ಪಾರಿವಾಳ, ಪವಿತ್ರಾತ್ಮರ ಕುರುಹು. ಕ್ರಿಸ್ಟೋಫರ್ ಎಂದರೆ ಕ್ರಿಸ್ತರನ್ನು ಹೊತ್ತವನು. ನೀರನ್ನು ದಾಟಿ ಕ್ರಿಸ್ತರನ್ನು ಆಚೆ ದಡಕ್ಕೆ ಒಯ್ದವನು ತನ್ನ ತಂದೆ ಎಂಬುದು ಅವನ ವಾದ. ಆನಂತರ ಧರ್ಮಾಧ್ಯಕ್ಷ ಜುಸ್ತಿನಿಯಾನಿಯವರ ಮೇಲೆ ತಿರುಗಿಬೀಳುತ್ತಾನೆ. ಕೀರ್ತನೆಯ ಅಂಚಿನ ಆ ಟಿಪ್ಪಣಿಯಲ್ಲಿರುವ ಸುಳ್ಳುಗಳನ್ನು ಒಂದೊಂದಾಗಿ ಎಣಿಸುತ್ತಾನೆ. ತಂದೆಯ ಮನೆತನ ಕೈಕೆಲಸದವರದ್ದೆಂಬ ಮಾತು ಅವನಿಗೆ ಸಹಿಸಲಾಗದ ಅವಮಾನ.

ಆದರೆ ಜಿನೋವಾ ನಗರದ ದಸ್ತಾವೇಜುಗಳು ಬೇರೆಯನ್ನೇ ಹೇಳುತ್ತವೆ. ಕೊಲಂಬಸ್‌ನ ತಂದೆ ದೊಮೆನಿಕೊ ಉಣ್ಣೆ ನೇಯುವವನು. ಟಿಪ್ಪಣಿಯ ಸಣ್ಣಪುಟ್ಟ ವಿವರಗಳು ಏನೇ ಇರಲಿ, ಮೂಲಸಂಗತಿಯಲ್ಲಿ ಧರ್ಮಾಧ್ಯಕ್ಷರೇ ಸರಿ. ಬಡಗಿಯ ಮನೆಯಲ್ಲಿ ಬೆಳೆದವರನ್ನು ಪ್ರಭುವೆಂದು ನಂಬುವ ನಮಗೆ ನೇಕಾರನ ಮಗನೆಂಬುದು ಕೊರತೆಯಾಗಿ ಕಾಣುವುದಿಲ್ಲ. ಆದರೆ ಹೆರ್ನಾಂಡೊ ಬಾಳಿದ್ದು ರಾಜರ ಆಸ್ಥಾನದಲ್ಲಿ. ಅಲ್ಲಿ ವಂಶಕ್ಕೆ ಬೆಲೆಯಿತ್ತು. ಅದೇ ಕಾರಣಕ್ಕೋ ಏನೋ, ತನ್ನನ್ನು ಹೆತ್ತ ತಾಯಿ ಬೆಯಾತ್ರಿಸ್ ಬಗ್ಗೆ ಆತ ಮೌನ ತಾಳಿದ. ಸಾವಿರಾರು ಕಿರುಹೊತ್ತಗೆಗಳ ಊರು, ತೇದಿ, ಬೆಲೆಗಳನ್ನು ಬರೆದಿಟ್ಟ ಕೈ, ತಂದೆಯ ಚರಿತ್ರೆಯಲ್ಲಿ ತಾಯಿಗೆ ಸ್ಥಾನ ಕೊಡಲಿಲ್ಲ.

ಆದರೂ ಇದೇ ಗ್ರಂಥಕ್ಕೆ ಲೋಕ ಒಂದು ದೊಡ್ಡ ಋಣ ಹೊತ್ತಿದೆ. ರಮೋನ್ ಪಾನೆ ಎಂಬ ಬಡ ಸನ್ಯಾಸಿ ಕೊಲಂಬಸ್‌ನ ಎರಡನೆಯ ಯಾನದಲ್ಲಿ ಹಿಸ್ಪಾನಿಯೋಲ ದ್ವೀಪಕ್ಕೆ ಬಂದು, ಅಲ್ಲಿನ ತಾಯ್ನೊ ಜನರ ನಡುವೆ ವಾಸಿಸಿ, ಅವರ ಭಾಷೆ ಕಲಿತು, ಅವರ ನಂಬಿಕೆ ಮತ್ತು ಕಥೆಗಳನ್ನು ಬರೆದುಕೊಂಡಿದ್ದರು. ಅಮೆರಿಕದ ನೆಲದ ಮೇಲೆ ಯೂರೋಪಿನವರೊಬ್ಬರು ಅಲ್ಲಿನ ಜನರ ಬಗ್ಗೆ ಬರೆದ ಮೊದಲ ಪುಸ್ತಕ ಅದು. ಮೂಲಪ್ರತಿ ಕಳೆದುಹೋಗಿದೆ. ಹೆರ್ನಾಂಡೊ ಅದನ್ನು ಇಡಿಯಾಗಿ ತನ್ನ ಗ್ರಂಥದೊಳಗೆ ಸೇರಿಸಿದ್ದರಿಂದಲೇ ಅದು ನಮಗೆ ಉಳಿದಿದೆ.

ಆ ಗ್ರಂಥವಾದರೂ ಉಳಿದದ್ದು ಹೇಗೆ? ಹಸ್ತಪ್ರತಿ ದಿಯೇಗೊನ ಮಗ ಲೂಯಿಸ್ ಕೈಗೆ ಹೋಯಿತು. ಒಬ್ಬಳಿಗಿಂತ ಹೆಚ್ಚು ಹೆಂಡಿರನ್ನು ಮದುವೆಯಾದ ಅಪರಾಧಕ್ಕೆ ಆಫ್ರಿಕಾದ ಓರಾನ್‌ಗೆ ಗಡೀಪಾರಾದ ಈ ಮೊಮ್ಮಗ ಅದನ್ನು ಜಿನೋವಾದ ವೈದ್ಯರೊಬ್ಬರಿಗೆ ಕೊಟ್ಟುಬಿಟ್ಟ. 1571ರಲ್ಲಿ ವೆನಿಸ್‌ನಲ್ಲಿ ಅಲ್ಫೊನ್ಸೊ ದೆ ಉಲ್ಲೊವಾ ಮಾಡಿದ ಇಟಾಲಿಯನ್ ಅನುವಾದ ಅಚ್ಚಾಯಿತು. ಸ್ಪ್ಯಾನಿಷ್ ಮೂಲ ಇಂದಿಗೂ ಸಿಕ್ಕಿಲ್ಲ. ಸಂಗ್ರಾಹಕರು ನಾವಿಕರ ಜೀವನಚರಿತ್ರೆಗಳ ಸಾಲಿನಲ್ಲಿ ಈ 1571ರ ಮುದ್ರಣಕ್ಕೆ ಅಷ್ಟೊಂದು ಮಹತ್ವ ಕೊಡುವುದು ಇದಕ್ಕಾಗಿಯೇ.

ಮಠದಲ್ಲಿ ಇನ್ನೊಬ್ಬ ಓದುಗ

ಹೆರ್ನಾಂಡೊನ ಭಂಡಾರ ಕೂಡ ಇದೇ ಲೂಯಿಸ್ ಪಾಲಿಗೆ ಬಂದಿತ್ತು. ಅದರ ಮೇಲೆ ಅವನಿಗೆ ಆಸಕ್ತಿಯಿರಲಿಲ್ಲ. 1544ರಲ್ಲಿ ಪುಸ್ತಕಗಳನ್ನು ಸೆವಿಲ್‌ನ ದೊಮಿನಿಕನ್ನರ ಸಂತ ಪೌಲರ ಮಠದಲ್ಲಿ ಇರಿಸಲಾಯಿತು. ವ್ಯಾಜ್ಯದ ನಂತರ 1552ರಲ್ಲಿ ಅವು ಸೆವಿಲ್‌ನ ಪ್ರಧಾನಾಲಯಕ್ಕೆ ಸೇರಿದವು. ಮಠದಲ್ಲಿದ್ದ ಆ ಎಂಟು ವರ್ಷಗಳ ಅವಧಿಯಲ್ಲಿ ಅವುಗಳಿಗೆ ಒಬ್ಬ ತಕ್ಕ ಓದುಗರು ಸಿಕ್ಕಿದರು. ಅವರೇ ಬಾರ್ತೊಲೊಮೆ ದೆ ಲಾಸ್ ಕಾಸಾಸ್.

ಲಾಸ್ ಕಾಸಾಸ್ ಸೆವಿಲ್‌ನವರೇ. ಅವರ ತಂದೆ ಕೊಲಂಬಸ್‌ನ ಎರಡನೆಯ ಯಾನದಲ್ಲಿ ಹೋಗಿದ್ದವರು. ತಾವೂ 1502ರಲ್ಲಿ ಹಿಸ್ಪಾನಿಯೋಲಕ್ಕೆ ಹೋಗಿ, ದುಡಿಯುವ ಇಂಡಿಯನ್ನರನ್ನು ಪಡೆದು ಜಮೀನುದಾರರಾದರು. ಗುರುದೀಕ್ಷೆಯ ನಂತರವೂ ಅದನ್ನು ಬಿಡಲಿಲ್ಲ. 1514ರಲ್ಲಿ ಕ್ಯೂಬಾದಲ್ಲಿ ಪೆಂತೆಕೋಸ್ತ್ ಹಬ್ಬದ ಪ್ರಬೋಧನೆಗಾಗಿ ಸಿದ್ಧರಾಗುತ್ತಿದ್ದಾಗ ಸಿರಾಖನ ಗ್ರಂಥದ 34ನೇ ಅಧ್ಯಾಯ ಅವರ ಕಣ್ಣಿಗೆ ಬಿತ್ತು. ಬಡವರಿಂದ ಕಿತ್ತುಕೊಂಡದ್ದನ್ನು ದೇವರಿಗೆ ಅರ್ಪಿಸುವವನನ್ನು ಕಟುವಾಗಿ ಖಂಡಿಸುವ ಅಧ್ಯಾಯವದು. ಪ್ರಬೋಧನೆ ಮಾಡುವ ಮೊದಲು ತಮ್ಮ ಕೈ ತೊಳೆಯಬೇಕೆಂದು ಅವರಿಗೆ ಅರಿವಾಯಿತು. ತಮ್ಮ ವಶದಲ್ಲಿದ್ದವರನ್ನು ಬಿಟ್ಟುಕೊಟ್ಟರು. ಆನಂತರ ದೊಮಿನಿಕನ್ ಸಭೆಗೆ ಸೇರಿ, ಮುಂದೆ ಮೆಕ್ಸಿಕೋ ದೇಶದ ಚಿಯಾಪದ ಧರ್ಮಾಧ್ಯಕ್ಷರಾದರು. 1566ರಲ್ಲಿ ಸಾಯುವವರೆಗೂ ಆ ಜನರ ಪರವಾಗಿ ವಾದಿಸಿದರು.

ಅವರು ಬರೆದ ಇಂಡೀಸ್‌ನ ಚರಿತ್ರೆಯಲ್ಲಿ ಹೆರ್ನಾಂಡೊನ ಗ್ರಂಥವನ್ನು ಹೆಸರಿಸಿ ಬಳಸಿಕೊಂಡಿದ್ದಾರೆ. ಕೊಲಂಬಸ್ ಬಗ್ಗೆ ಅವರಿಗೆ ಗೌರವವಿತ್ತು. ದೇವರೇ ಅವನನ್ನು ಆರಿಸಿದರು ಎಂದೇ ನಂಬಿದ್ದರು. ಆದರೆ ಅವನು ಮಾಡಿದ ಅನ್ಯಾಯವನ್ನು ಮುಚ್ಚಿಡಲಿಲ್ಲ. 1495ರಲ್ಲಿ ಸುಮಾರು 500 ಮಂದಿ ತಾಯ್ನೊಗಳನ್ನು ಗುಲಾಮರಾಗಿ ಮಾರಲು ಹಡಗಿಗೇರಿಸಿ ಸ್ಪೇನಿಗೆ ಕಳುಹಿಸಲಾಯಿತು. ಅವರಲ್ಲಿ ಸುಮಾರು 200 ಮಂದಿ ದಾರಿಯಲ್ಲೇ ಸತ್ತರು. ಹೆಣಗಳನ್ನು ಸಮುದ್ರಕ್ಕೆ ಎಸೆದರು. ಮಗನ ಗ್ರಂಥದ ಗಮನವೆಲ್ಲ ತಂದೆಗಾದ ಅನ್ಯಾಯದ ಕಡೆಗೆ. ಆ ತಂದೆಯಿಂದ ಇತರರಿಗಾದ ಅನ್ಯಾಯ ಏನೆಂಬುದನ್ನು ನಾವು ಲಾಸ್ ಕಾಸಾಸರಲ್ಲಿ ಓದಬೇಕು.

ಇನ್ನೆರಡು ಅಮೂಲ್ಯ ಸಂಗತಿಗಳನ್ನು ಉಳಿಸಿಕೊಟ್ಟವರೂ ಇವರೇ. ಕೊಲಂಬಸ್‌ನ ಮೊದಲ ಯಾನದ ದಿನಚರಿಯ ಮೂಲ ಕಳೆದುಹೋಗಿದೆ. ಲಾಸ್ ಕಾಸಾಸರು ತಮ್ಮ ಕೈಯಾರೆ ನಕಲು ಮಾಡಿಕೊಂಡ ಸಂಗ್ರಹರೂಪ ಮಾತ್ರ ಉಳಿದಿದೆ. ಇನ್ನೊಂದು, 1511ರ ಆಗಮನ ಕಾಲದ ನಾಲ್ಕನೆಯ ಭಾನುವಾರ ಸಾಂತೊ ದೊಮಿಂಗೊದಲ್ಲಿ ದೊಮಿನಿಕನ್ ಗುರು ಅಂತೋನಿಯೊ ದೆ ಮೊಂತೆಸಿನೋಸ್ ಮಾಡಿದ ಪ್ರಬೋಧನೆ. ಇಂಡಿಯನ್ನರೂ ಮನುಷ್ಯರಲ್ಲವೇ ಎಂದು ಜಮೀನುದಾರರ ಮುಖಕ್ಕೇ ಕೇಳಿದ ಆ ಪ್ರಬೋಧನೆ ನಮಗೆ ತಿಳಿದಿರುವುದು ಲಾಸ್ ಕಾಸಾಸರು ತಮ್ಮ ಚರಿತ್ರೆಯಲ್ಲಿ ಅದನ್ನು ದಾಖಲಿಸಿದ್ದರಿಂದ. ನೂರಾರು ವರ್ಷ ಹಸ್ತಪ್ರತಿಯಾಗಿಯೇ ಇದ್ದ ಈ ಚರಿತ್ರೆ 1875ರಲ್ಲಿ ಮೊದಲ ಬಾರಿಗೆ ಅಚ್ಚಾಯಿತು.

ಚಪ್ಪಟೆ ಭೂಮಿಯ ಕಟ್ಟುಕಥೆ

ಅಷ್ಟರೊಳಗೆ ಕೊಲಂಬಸ್‌ನ ಬೇರೊಂದು ಚರಿತ್ರೆ ಲೋಕವನ್ನು ಗೆದ್ದಿತ್ತು. 1826ರಲ್ಲಿ ಅಮೆರಿಕದ ಲೇಖಕ ವಾಷಿಂಗ್ಟನ್ ಇರ್ವಿಂಗ್ ಮ್ಯಾಡ್ರಿಡ್‌ಗೆ ಬಂದು, ಹಳೆಯ ಪುಸ್ತಕಗಳ ಸಂಗ್ರಾಹಕ ಅಬಡಾಯ ರಿಚ್ ಅವರ ಮನೆಯಲ್ಲಿ ಉಳಿದುಕೊಂಡ. ಆ ಮನೆಯ ತುಂಬ ಅಮೆರಿಕಕ್ಕೆ ಸಂಬಂಧಿಸಿದ ಗ್ರಂಥಗಳು. ಅವುಗಳ ನೆರವಿನಿಂದ 1828ರಲ್ಲಿ ನಾಲ್ಕು ಸಂಪುಟಗಳ ಕೊಲಂಬಸ್ ಚರಿತ್ರೆ ಹೊರಬಂತು. ಅದರಲ್ಲೊಂದು ನಾಟಕೀಯ ದೃಶ್ಯ: ಸಲಾಮಾಂಕಾದಲ್ಲಿ ಕುರುಡು ನಂಬಿಕೆಯ ಧರ್ಮಪಂಡಿತರ ನಡುವೆ ಕೊಲಂಬಸ್ ಒಬ್ಬಂಟಿಯಾಗಿ ನಿಂತು ಭೂಮಿ ಗುಂಡಗಿದೆ ಎಂದು ವಾದಿಸುತ್ತಾನೆ. ಇರ್ವಿಂಗ್ ಒಳ್ಳೆಯ ಕಥೆಗಾರ. ಕಥೆ ಶಾಲಾಪುಸ್ತಕಗಳಿಗೆ ಹೋಯಿತು. ಧರ್ಮಸಭೆ ಭೂಮಿ ಚಪ್ಪಟೆಯೆಂದು ಬೋಧಿಸುತ್ತಿತ್ತು ಎಂಬ ಮಾತು ಇಂದಿಗೂ ಅಲ್ಲಲ್ಲಿ ಕೇಳಿಬರುತ್ತದೆ.

ಇದಕ್ಕೆ ಉತ್ತರ ಎಲ್ಲಿದೆ? ಕೊಲಂಬಸ್‌ನ ಸ್ವಂತ ಪುಸ್ತಕಗಳಲ್ಲಿದೆ. ತಂದೆ ಓದಿ ಅಂಚಿನಲ್ಲಿ ಟಿಪ್ಪಣಿ ಬರೆದ ಪ್ರತಿಗಳು ಮಗನ ಭಂಡಾರಕ್ಕೆ ಸೇರಿದ್ದವು. ಅವು ಈಗಲೂ ಸೆವಿಲ್‌ನಲ್ಲಿವೆ. ಅವುಗಳಲ್ಲೊಂದು ಪಿಯೆರ್ ದೈಯಿ ಎಂಬ ಫ್ರೆಂಚ್ ಕಾರ್ಡಿನಲ್ ಬರೆದ ಭೂವಿವರಣೆ. ಕೊಲಂಬಸ್ ಹುಟ್ಟುವ ಮುಂಚೆಯೇ ಬರೆದ ಈ ಗ್ರಂಥ ಭೂಮಿಯನ್ನು ಗೋಳವೆಂದೇ ವಿವರಿಸುತ್ತದೆ. ಅದರ ಅಂಚಿನಲ್ಲಿ ಕೊಲಂಬಸ್ ಕುಟುಂಬದ ಕೈಬರಹದ ಟಿಪ್ಪಣಿಗಳು ನೂರಾರು. ಇನ್ನೊಂದು ಪೋಪ್ ಎರಡನೇ ಪಿಯುಸ್‌ರವರೇ ಏಷ್ಯಾದ ಬಗ್ಗೆ ಬರೆದದ್ದು. ಮೂರನೆಯದು ಮಾರ್ಕೊ ಪೋಲೊನ ಪ್ರವಾಸಕಥನವನ್ನು ದೊಮಿನಿಕನ್ ಸಭೆಯ ಫ್ರಾಂಚೆಸ್ಕೊ ಪಿಪಿನೊ ಲತೀನಿಗೆ ತಂದ ಅನುವಾದ. ಭೂಮಿ ಗುಂಡಗಿದೆಯೆಂದು ಆತ ಕಲಿತ ಪುಸ್ತಕಗಳಲ್ಲೊಂದನ್ನು ಬರೆದವರು ಒಬ್ಬ ಕಾರ್ಡಿನಲ್. ಅಂದಿನ ನಿಜವಾದ ವಿವಾದವಿದ್ದದ್ದು ದೂರದ ಬಗ್ಗೆ. ಪಶ್ಚಿಮಕ್ಕೆ ಹೊರಟರೆ ಏಷ್ಯಾ ಹತ್ತಿರವೆಂದು ಕೊಲಂಬಸ್ ಲೆಕ್ಕ ಹಾಕಿದ್ದ. ನಿಜವಾದ ದೂರ ಅವನ ಲೆಕ್ಕದ ಸುಮಾರು ನಾಲ್ಕು ಪಟ್ಟು. ಆ ವಿಷಯದಲ್ಲಿ ಅವನನ್ನು ವಿರೋಧಿಸಿದ ಪಂಡಿತರೇ ಸರಿಯಾಗಿದ್ದರು.

ಇಲ್ಲಿ ನಮ್ಮ ನಾಡಿನ ನಂಟೂ ಒಂದಿದೆ. ಪೋಪ್ ಪಿಯುಸ್‌ರವರು ಏಷ್ಯಾದ ಬಗ್ಗೆ ಬರೆಯುವಾಗ ಬಳಸಿದ ಆಕರಗಳಲ್ಲಿ ವೆನಿಸ್‌ನ ವರ್ತಕ ನಿಕೊಲೊ ದೆ ಕೊಂತಿಯ ಪ್ರವಾಸಕಥನವೂ ಒಂದು. ಸುಮಾರು 1420ರಲ್ಲಿ ವಿಜಯನಗರವನ್ನು ಕಂಡು, ಬೆಟ್ಟಗಳ ನಡುವಿನ ಆ ಮಹಾನಗರದ ಸುತ್ತಳತೆ 60 ಮೈಲಿ ಎಂದು ಹೇಳಿದವನು ಆತ. ಪ್ರವಾಸದಲ್ಲಿ ಜೀವಭಯದಿಂದ ಕ್ರೈಸ್ತ ವಿಶ್ವಾಸವನ್ನು ನಿರಾಕರಿಸಬೇಕಾಗಿ ಬಂದ ಆತ, ಹಿಂದಿರುಗಿ ಪೋಪ್ ನಾಲ್ಕನೇ ಯುಜೀನ್‌ರವರಲ್ಲಿ ಕ್ಷಮೆ ಬೇಡಿದ. ಪೋಪರ ಕಾರ್ಯದರ್ಶಿ ಪೊಜ್ಜೊ ಬ್ರಾಚೊಲಿನಿ ಅವನ ಕಥೆಯನ್ನು ಕೇಳಿ ಬರೆದುಕೊಂಡರು. ಹಂಪಿಯ ವೈಭವವನ್ನು ಕಂಡ ಯೂರೋಪಿನವರ ಮೊದಲ ವರ್ಣನೆಗಳಲ್ಲೊಂದು ಹೀಗೆ ಒಬ್ಬ ಪಶ್ಚಾತ್ತಾಪಿಯ ಬಾಯಿಂದ ಬಂತು.

ಸಂತಪದವಿಗಾಗಿ ಬರೆದ ಚರಿತ್ರೆ

ಧರ್ಮಸಭೆಯನ್ನು ಹಳಿಯುವ ಕಥೆ ಒಂದು ಕಡೆಯಾದರೆ ಇನ್ನೊಂದು ಕಡೆ ಅತಿಭಕ್ತಿಯ ಕಥೆ. ಅದನ್ನು ಮರೆಮಾಚುವುದು ನ್ಯಾಯವಲ್ಲ. 1856ರಲ್ಲಿ ಫ್ರಾನ್ಸ್‌ನ ರೊಸೆಲ್ಲಿ ದ ಲೋರ್ಗ್ ಎಂಬ ಕಥೋಲಿಕ ಲೇಖಕ ಎರಡು ಸಂಪುಟಗಳ ಕೊಲಂಬಸ್ ಚರಿತ್ರೆ ಬರೆದ. ನಾವಿಕನನ್ನು ಸಂತನೆಂದು ಘೋಷಿಸಬೇಕೆಂಬುದು ಅವನ ಹಂಬಲ. ಅದಕ್ಕೆ ಬೆಯಾತ್ರಿಸ್ ಅಡ್ಡ ಬಂದಳು. ಆದ್ದರಿಂದ ಕೊಲಂಬಸ್ ಆಕೆಯನ್ನು ಧರ್ಮಬದ್ಧವಾಗಿ ಮದುವೆಯಾಗಿದ್ದನೆಂದು ವಾದಿಸಿದ.

ಆದರೆ 1506ರ ಮೇ 19ರಂದು, ಸಾವಿನ ಹಿಂದಿನ ದಿನ, ಕೊಲಂಬಸ್ ಬರೆಸಿದ ಮರಣಪತ್ರ ಉಳಿದಿದೆ. ಬೆಯಾತ್ರಿಸ್‌ಗೆ ಗೌರವದ ಜೀವನ ನಡೆಸಲು ಬೇಕಾದುದನ್ನು ಒದಗಿಸಬೇಕೆಂದು ಅದರಲ್ಲಿ ಹಿರಿಯ ಮಗನಿಗೆ ಆಜ್ಞೆಯಿದೆ. ಆಕೆಯ ವಿಷಯ ತನ್ನ ಮನಸ್ಸಾಕ್ಷಿಗೆ ಭಾರವಾಗಿದೆ ಎಂಬ ಒಪ್ಪಿಗೆಯೂ ಇದೆ. ಮಗ ಮೌನವಾಗಿದ್ದ ಜಾಗದಲ್ಲಿ, ಅಭಿಮಾನಿ ಕಟ್ಟುಕಥೆ ಹೆಣೆದ ಜಾಗದಲ್ಲಿ, ಸಾಯುವ ಮನುಷ್ಯ ತಾನೇ ನಿಜ ಹೇಳಿದ್ದ. ರೋಮ್‌ನಲ್ಲಿ ಸಂತಪದವಿಯ ಪ್ರಯತ್ನ ಮುಂದುವರಿಯಲಿಲ್ಲ. 1892ರಲ್ಲಿ ಪೋಪ್ ಹದಿಮೂರನೇ ಲಿಯೋರವರು ಕೊಲಂಬಸ್‌ನನ್ನು ಕೊಂಡಾಡಿ ವಿಶ್ವಪತ್ರ ಬರೆದರು. ಆದರೂ ಅವನು ಸಂತರ ಪಟ್ಟಿಗೆ ಸೇರಲಿಲ್ಲ. ನನಗನ್ನಿಸುವಂತೆ ಆ ಮರಣಪತ್ರದ ಕೊಲಂಬಸ್, ರೊಸೆಲ್ಲಿಯ ಕೊಲಂಬಸ್‌ಗಿಂತ ದೇವರಿಗೆ ಹತ್ತಿರದವನು.

ಸಂಗ್ರಹಕ್ಕೂ ಒಂದು ನೀತಿಯಿದೆ

ಸೆವಿಲ್‌ನ ಪ್ರಧಾನಾಲಯಕ್ಕೆ ಸೇರಿದ ಭಂಡಾರ ಅಲ್ಲಿ ಸುಖವಾಗಿರಲಿಲ್ಲ. ಮಳೆನೀರು, ಹುಳು, ಕಳ್ಳರು, ಎಲ್ಲಕ್ಕಿಂತ ಹೆಚ್ಚಾಗಿ ಅಲಕ್ಷ್ಯ, ಇವೆಲ್ಲ ಸೇರಿ ಅದನ್ನು ಕರಗಿಸಿದವು. 1880ರ ದಶಕದಲ್ಲಿ ಪ್ಯಾರಿಸ್‌ನ ಸೇನ್ ನದಿಯ ದಂಡೆಯ ಹಳೆ ಪುಸ್ತಕದ ಅಂಗಡಿಗಳಲ್ಲಿ ಹೆರ್ನಾಂಡೊನ ಪುಸ್ತಕಗಳು ಮಾರಾಟಕ್ಕೆ ಬಂದವು. ಊರು, ತೇದಿ, ಬೆಲೆ ಬರೆದ ಅವನ ಟಿಪ್ಪಣಿಯೇ ಅವು ಎಲ್ಲಿಯವೆಂದು ಸಾರಿಹೇಳಿತು. 1885ರಲ್ಲಿ ಹೆನ್ರಿ ಹ್ಯಾರಿಸ್ ಎಂಬ ವಿದ್ವಾಂಸ ಈ ಅವನತಿಯ ಬಗ್ಗೆಯೇ ಒಂದು ಪುಸ್ತಕ ಬರೆದ. ಇಂದು ಸುಮಾರು 4,000 ಸಂಪುಟಗಳು ಮಾತ್ರ ಉಳಿದಿವೆ. ಹೆರ್ನಾಂಡೊ ಅದೇ ಪ್ರಧಾನಾಲಯದಲ್ಲಿ ಮಣ್ಣಾಗಿದ್ದಾನೆ.

ಸಂಗ್ರಹದ ಆಸೆ ಹೇಗೆ ಪಾಪಕ್ಕೆ ಇಳಿಯಬಹುದು ಎಂಬುದಕ್ಕೆ ನಮ್ಮ ಕಾಲದಲ್ಲೇ ಉದಾಹರಣೆಯಿದೆ. ತಾನು ಕಂಡ ದ್ವೀಪಗಳ ಬಗ್ಗೆ ಕೊಲಂಬಸ್ ಬರೆದ ಪತ್ರ 1493ರಲ್ಲಿ ಲತೀನ್ ಭಾಷೆಯಲ್ಲಿ ಅಚ್ಚಾಗಿತ್ತು. ವ್ಯಾಟಿಕನ್ ಗ್ರಂಥಾಲಯದಲ್ಲಿದ್ದ ಅದರ ಪ್ರತಿಯನ್ನು ಯಾರೋ ಕದ್ದು, ಆ ಜಾಗದಲ್ಲಿ ನಕಲಿ ಪ್ರತಿ ಇಟ್ಟಿದ್ದರು. ಅಮೆರಿಕದ ಅಟ್ಲಾಂಟಾ ನಗರದ ಸಂಗ್ರಾಹಕರೊಬ್ಬರು 2004ರಲ್ಲಿ, ಕಳವಿನ ಮಾಲೆಂದು ಅರಿಯದೆ, ಅಸಲು ಪ್ರತಿಯನ್ನು 8,75,000 ಡಾಲರಿಗೆ ಕೊಂಡಿದ್ದರು. ಸತ್ಯ ತಿಳಿದಾಗ ಅವರ ಪತ್ನಿ ಹಕ್ಕು ಬಿಟ್ಟುಕೊಟ್ಟರು. 2018ರಲ್ಲಿ ಪತ್ರ ವ್ಯಾಟಿಕನ್‌ಗೆ ಮರಳಿತು. ಅಷ್ಟು ದೊಡ್ಡ ಮೊತ್ತದ ವಸ್ತುವನ್ನು ಯಾರದ್ದೋ ಅವರಿಗೆ ಸೇರಲೆಂದು ಬಿಟ್ಟುಕೊಟ್ಟ ಆ ವಿಧವೆಯ ನಡೆ ಒಳ್ಳೆಯ ಪ್ರಬೋಧನೆಗಿಂತ ಕಡಿಮೆಯಲ್ಲ.

ಇನ್ನೊಂದು ಸಂತೋಷದ ಸುದ್ದಿ 2019ರಲ್ಲಿ ಬಂತು. ಹೆರ್ನಾಂಡೊ ತನ್ನ ಪುಸ್ತಕಗಳ ಸಾರಾಂಶಗಳನ್ನು ಬರೆಸಿದ್ದ, ಸುಮಾರು 2,000 ಪುಟಗಳ, ಒಂದಡಿ ದಪ್ಪದ ಹಸ್ತಪ್ರತಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪತ್ತೆಯಾಯಿತು. ಐಸ್‌ಲ್ಯಾಂಡಿನ ವಿದ್ವಾಂಸ ಆರ್ನಿ ಮಾಗ್ನುಸ್ಸೊನ್ 18ನೇ ಶತಮಾನದಲ್ಲಿ ಬಿಟ್ಟುಹೋದ ಸಂಗ್ರಹದೊಳಗೆ ಅದು ಗುರುತು ಸಿಗದೆ ಕುಳಿತಿತ್ತು. ಇಂದು ಎಲ್ಲಿಯೂ ಸಿಗದ ಎಷ್ಟೋ ಪುಸ್ತಕಗಳಲ್ಲಿ ಏನಿತ್ತೆಂಬುದನ್ನು ಆ ಸಾರಾಂಶಗಳು ಹೇಳುತ್ತವೆ.

ನಾಲ್ವರು ಬರೆದ ಒಂದು ಬದುಕು

ಮೊದಲ ಪ್ರಶ್ನೆಗೆ ಮರಳೋಣ. ಹಳೆಯ ಚರಿತ್ರೆಗಳನ್ನು ಕೂಡಿಡುವುದು ಏಕೆ? ಒಬ್ಬನ ಪ್ರೀತಿ ಮುಚ್ಚಿಟ್ಟದ್ದನ್ನು ಇನ್ನೊಬ್ಬರ ಪುಟ ಹೊರಗಿಡುತ್ತದೆ. ನೇಕಾರ ಅಜ್ಜ ಸಿಕ್ಕಿದ್ದು ಕೀರ್ತನೆಯ ಅಂಚಿನಲ್ಲಿ, ಬೆಯಾತ್ರಿಸ್ ಸಿಕ್ಕಿದ್ದು ಮರಣಪತ್ರದಲ್ಲಿ, ಗುಲಾಮರಾಗಿ ಹಡಗೇರಿದ ತಾಯ್ನೊಗಳು ಸಿಕ್ಕಿದ್ದು ಲಾಸ್ ಕಾಸಾಸರ ಹಸ್ತಪ್ರತಿಯಲ್ಲಿ. ಯಾರಾದರೊಬ್ಬರು ತಮಗೆ ಹಿಡಿಸಿದ ಒಂದೇ ಪುಸ್ತಕ ಸಾಕೆಂದು ಉಳಿದವನ್ನು ಸುಟ್ಟಿದ್ದರೆ ಇವರೆಲ್ಲ ಎರಡನೆಯ ಬಾರಿ ಸಾಯುತ್ತಿದ್ದರು.

ಇದು ನಮ್ಮ ಧರ್ಮಸಭೆಗೆ ಹೊಸ ಪಾಠವಲ್ಲ. ಎರಡನೇ ಶತಮಾನದಲ್ಲಿ ತಾತಿಯಾನ ಎಂಬಾತ ನಾಲ್ಕು ಶುಭಸಂದೇಶಗಳನ್ನು ಹೆಣೆದು ಒಂದೇ ಕಥನ ಮಾಡಿದ. ಸಿರಿಯಾದ ಸಭೆಗಳಲ್ಲಿ ಅದು ಬಹುಕಾಲ ಬಳಕೆಯಲ್ಲಿತ್ತು. ಓದಲು ಸುಲಭ, ಗೊಂದಲವಿಲ್ಲ. ಆದರೂ ಕೊನೆಗೆ ಧರ್ಮಸಭೆ ನಾಲ್ಕನ್ನೂ ನಾಲ್ಕಾಗಿಯೇ ಉಳಿಸಿಕೊಂಡಿತು. ಆ ನಾಲ್ವರೂ ಪ್ರೀತಿಯಿಂದ ಬರೆದವರು; ಆದರೆ ಸಂತ ಪೇತ್ರರು ಕೋಳಿ ಕೂಗುವ ಮುನ್ನ ಪ್ರಭುವನ್ನು ನಿರಾಕರಿಸಿದ್ದನ್ನು ನಾಲ್ವರಲ್ಲಿ ಒಬ್ಬರೂ ಬಿಡಲಿಲ್ಲ.

ನಮ್ಮ ಧರ್ಮಕೇಂದ್ರಗಳಲ್ಲಿ ಶತಮಾನೋತ್ಸವ, ಸುವರ್ಣೋತ್ಸವಗಳ ಸ್ಮರಣಸಂಚಿಕೆಗಳು ಹೊರಬರುತ್ತಿರುತ್ತವೆ. ದೇವಾಲಯ ಕಟ್ಟಿಸಿದವರ ಭಾವಚಿತ್ರ, ದಾನಿಗಳ ಪಟ್ಟಿ ಅವುಗಳಲ್ಲಿ ಇರಬೇಕಾದದ್ದೇ. ಕಲ್ಲು ಹೊತ್ತವರ, ಸುಣ್ಣ ಅರೆದವರ, ಬೋಧಕರಿಗೆ ಗಂಜಿ ಬೇಯಿಸಿಕೊಟ್ಟ ತಾಯಂದಿರ ಹೆಸರು ಎಲ್ಲಿವೆ? ಹಳೆಯ ದೀಕ್ಷಾಸ್ನಾನದ ದಾಖಲೆ ಪುಸ್ತಕದಲ್ಲಿ, ಯಾರದೋ ಮನೆಯ ಪೆಟ್ಟಿಗೆಯ ಕಾಗದದಲ್ಲಿ, ಹಿರಿಯರ ನೆನಪಿನಲ್ಲಿ ಇರಬಹುದು. ಮಳೆಗಾಲ ಬರುವ ಮುಂಚೆ ಆ ಪೆಟ್ಟಿಗೆ ತೆರೆದು ಬಿಸಿಲು ತೋರಿಸಿ. ರದ್ದಿಗೆ ಹಾಕುವ ಮುನ್ನ ಪುಟ ತಿರುವಿ ನೋಡಿ. ಫೋಟೋದ ಹಿಂಭಾಗದಲ್ಲಿ ಇರುವವರ ಹೆಸರು, ಊರು, ವರ್ಷ ಬರೆದಿಡಿ. ಹೆರ್ನಾಂಡೊ ಪುಸ್ತಕಗಳಿಗೆ ಮಾಡಿದ್ದು ಇಷ್ಟೇ. ಅಜ್ಜಿಯ ಹೆಸರನ್ನು ಮಾತ್ರ ಮರೆಯದೆ ಬರೆಯಿರಿ.